ವೈರಸ್ ಪ್ರೋಟೀನು ಎಲ್ಲಿದೆ ಅಂತ ಕೇಳುವ ಮೊದಲು, ಕೋಶದ ಗಡಿಯಾರದಲ್ಲಿ ಗಂಟೆ ಎಷ್ಟು ಅಂತ ಕೇಳಿ

ಆಗಸ್ಟ್ ಕೊನೆಯಲ್ಲಿ ಗಂಗಾವತಿಯಿಂದ ಸಿಂಧನೂರಿಗೆ ಹಗಲು ಬಸ್ಸಿನಲ್ಲಿ, ಕಿಟಕಿ ಪಕ್ಕ ಕೂತು ಹೋಗಿದ್ದೀರಾ? ಎಡದಂಡೆ ಕಾಲುವೆಯ ನೀರು ಮೊದಲು ಸಿಕ್ಕವರ ಗದ್ದೆಯಲ್ಲಿ ಪೈರು ಆಗಲೇ ಹಸಿರು ತಿರುಗಿರುತ್ತದೆ. ಸ್ವಲ್ಪ ಮುಂದೆ ನಾಟಿ ನಡೆದಿರುತ್ತದೆ. ಇನ್ನೂ ಮುಂದೆ ಕೊನೆ ಭಾಗದ ರೈತರು ಸಸಿ ಮಡಿ ಇಟ್ಟುಕೊಂಡು ನೀರಿನ ದಾರಿ ಕಾಯುತ್ತಿರುತ್ತಾರೆ. ಈಗ ಯಾರಾದರೂ ಮೇಲಿಂದ ಡ್ರೋನ್ ಹಾರಿಸಿ ಒಂದೇ ಫೋಟೋ ತೆಗೆದು 'ತುಂಗಭದ್ರಾ ಬಯಲಿನಲ್ಲಿ ಭತ್ತದ ಎತ್ತರ ಇಷ್ಟು' ಅಂದರೆ ನಗ್ತೀರಿ ಅಲ್ವಾ?

ಮೈಕ್ರೋಸ್ಕೋಪಿನ ಕೆಳಗೆ ನಾವು ಮಾಡುವುದೂ ಅದನ್ನೇ. ಒಂದು ಪ್ಲೇಟಿನಲ್ಲಿ ಲಕ್ಷಗಟ್ಟಲೆ ಕೋಶ ಇರುತ್ತವೆ, ಒಂದೊಂದೂ ತನ್ನ ತನ್ನ ಹಂತದಲ್ಲಿ. ನಾವು ಚೆಂದ ಕಂಡ ಒಂದು ಕೋಶದ ಫೋಟೋ ತೆಗೆದು 'ಈ ವೈರಸ್ ಪ್ರೋಟೀನು ನ್ಯೂಕ್ಲಿಯೋಲಸ್ಸಿನಲ್ಲಿದೆ', ಅಂದರೆ ನ್ಯೂಕ್ಲಿಯಸ್ಸಿನೊಳಗಿನ ಗಟ್ಟಿ ಚುಕ್ಕೆಯಲ್ಲಿದೆ, ಅಂತ ಬರೆದುಬಿಡುತ್ತೇವೆ. ನಾನೂ ಬರೆದಿದ್ದೆ. ಪೋಸ್ಟರ್ ಮುಂದೆ ನಿಂತಾಗ ಹಿರಿಯರೊಬ್ಬರು ಬಂದು, 'ಯಾವಾಗಮ್ಮ?' ಅಂತ ಒಂದೇ ಪದ ಕೇಳಿ ಮುಂದೆ ಹೋದರು. ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ.

ಆ 'ಯಾವಾಗ'ಕ್ಕೆ, ಅಂದರೆ ಕೋಶ ಯಾವ ಹಂತದಲ್ಲಿದ್ದಾಗ ಅನ್ನುವುದಕ್ಕೆ, ಉತ್ತರ ಹುಡುಕುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಬಳ್ಳಾರಿ, ರಾಯಚೂರು ಕಡೆ ಎಂಎಸ್ಸಿ, ಪಿಎಚ್‌ಡಿ ಮಾಡುತ್ತಿರುವವರು, ಕೋಟಿ ರೂಪಾಯಿಯ ಯಂತ್ರ ಇಲ್ಲದವರು ಮನಸ್ಸಿನಲ್ಲಿದ್ದಾರೆ. ಇದರಲ್ಲಿ ಜೀವಂತ ವೈರಸ್ ಎಲ್ಲೂ ಬರುವುದಿಲ್ಲ. ವೈರಸ್ಸಿನ ಒಂದೇ ಒಂದು ಪ್ರೋಟೀನನ್ನು ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದ ಮೂಲಕ ಕೋಶದೊಳಗೆ ಮಾಡಿಸಿ ನೋಡುವುದು, ಅಷ್ಟೇ. ಅದಕ್ಕೂ ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು, ಮೊದಲೇ ಅರ್ಜಿ ಹಾಕಿ.

ಗಡಿಯಾರ ಮತ್ತು ಗೇಟು

ಲ್ಯಾಬಿನಲ್ಲಿ ಬೆಳೆಯುವ ಮನುಷ್ಯರ ಕೋಶಕ್ಕೆ ಬೆಳೆದು ಎರಡಾಗುವ ಒಂದು ಸುತ್ತು ಮುಗಿಯಲು ಹೆಚ್ಚೂಕಡಿಮೆ 24 ಗಂಟೆ ಬೇಕು. ಸುಮಾರು 11 ಗಂಟೆ ಜಿ1, ಅಂದರೆ ಬೆಳೆಯುವ ಹೊತ್ತು. 8 ಗಂಟೆ ಎಸ್, ಡಿಎನ್‌ಎ ನಕಲಾಗುವ ಹೊತ್ತು. 4 ಗಂಟೆ ಜಿ2, ತಯಾರಿ. ಕೊನೆಯ 1 ಗಂಟೆ ಎಂ, ಅಂದರೆ ಮೈಟೋಸಿಸ್, ಒಂದು ಎರಡಾಗುವುದು. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಯಾಕಂದರೆ ಸುಮ್ನೆ ಬೆಳೆಯಲು ಬಿಟ್ಟ ಪ್ಲೇಟಿನಲ್ಲಿ 100 ಕೋಶ ನೋಡಿದರೆ ಎಂ ಹಂತದವು ಮೂರೋ ನಾಲ್ಕೋ ಸಿಕ್ಕಾವು.

ಹಂತ ಬದಲಾದರೆ ಪ್ರೋಟೀನಿನ ಜಾಗ ಯಾಕೆ ಬದಲಾಗಬೇಕು? ನ್ಯೂಕ್ಲಿಯಸ್ಸಿನ ಸುತ್ತ ಗೋಡೆ ಇದೆ, ಗೋಡೆಯಲ್ಲಿ ಸಾವಿರಾರು ರಂಧ್ರಗಳಿವೆ. ಸುಮಾರು 40-60 ಕಿಲೋಡಾಲ್ಟನ್‌ಗಿಂತ (ಪ್ರೋಟೀನಿನ ತೂಕದ ಅಳತೆ) ಚಿಕ್ಕ ಪ್ರೋಟೀನುಗಳು ಆ ರಂಧ್ರದಲ್ಲಿ ತಾವೇ ನುಸುಳುತ್ತವೆ. ದೊಡ್ಡವಕ್ಕೆ ಚೀಟಿ ಬೇಕು. ಕೋತಿಗಳ ಎಸ್‌ವಿ40 ವೈರಸ್ಸಿನ ಲಾರ್ಜ್ ಟಿ ಪ್ರೋಟೀನಿನಲ್ಲಿ ಇಂಥ ಒಂದು ಚೀಟಿ 1984ರಲ್ಲೇ ಗೊತ್ತಾಯಿತು. ಬರೀ ಏಳು ಅಮೈನೋ ಆಮ್ಲ: ಪ್ರೋಲಿನ್, ಮೂರು ಲೈಸಿನ್, ಆರ್ಜಿನಿನ್, ಇನ್ನೊಂದು ಲೈಸಿನ್, ವ್ಯಾಲಿನ್. ಈ ಏಳನ್ನು ಬೇರೆ ಯಾವುದೋ ಪ್ರೋಟೀನಿಗೆ ಅಂಟಿಸಿದರೂ ಅದು ನ್ಯೂಕ್ಲಿಯಸ್ಸಿಗೆ ಹೋಗುತ್ತದೆ. ಇಂಪೋರ್ಟಿನ್ ಎಂಬ ಪ್ರೋಟೀನು ಈ ಚೀಟಿ ಓದಿ ಒಳಗೆ ಬಿಡುತ್ತದೆ.

ಮಜಾ ಇರುವುದು ಚೀಟಿಯ ಪಕ್ಕದಲ್ಲಿ. ಅದೇ ಟಿ ಪ್ರೋಟೀನಿನ 124ನೇ ಜಾಗದಲ್ಲಿ ಥ್ರಿಯೋನಿನ್ ಎಂಬ ಅಮೈನೋ ಆಮ್ಲ ಇದೆ. ಕೋಶದ ಗಡಿಯಾರ ನಡೆಸುವ ಸಿಡಿಕೆ ಎಂಬ ಕೈನೇಸ್‌ಗಳು ಅದಕ್ಕೆ ಫಾಸ್ಫೇಟ್ ಅಂಟಿಸಿದರೆ ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಸ್ವಲ್ಪ ಹಿಂದೆ, 111-112ರ ಹತ್ತಿರ, ಸಿಕೆ2 ಎಂಬ ಇನ್ನೊಂದು ಕೈನೇಸ್ ಫಾಸ್ಫೇಟ್ ಹಾಕಿದರೆ ಒಳಗೆ ಹೋಗುವ ವೇಗ ಜಾಸ್ತಿಯಾಗುತ್ತದೆ. ಒಂದೇ ಚೀಟಿಗೆ ಆ ಕಡೆ ಬ್ರೇಕು, ಈ ಕಡೆ ಎಕ್ಸಲರೇಟರು.

ಹಾಗಂತ 'ಸಿಡಿಕೆ ಮುಟ್ಟಿದರೆ ಹೊರಗೆ' ಅಂತ ನಿಯಮ ಮಾಡಿಕೊಳ್ಳಬೇಡಿ. ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ ಇ1 ಪ್ರೋಟೀನಿನಲ್ಲಿ ಇದು ತದ್ವಿರುದ್ಧ. ಅದು ಒಳಗೂ ಹೊರಗೂ ಓಡಾಡುತ್ತಿರುತ್ತದೆ. ಸಿಡಿಕೆ2 ಬಂದು ಫಾಸ್ಫೇಟ್ ಹಾಕಿದರೆ ಹೊರಗೆ ಹೋಗುವ ದಾರಿ ಬಂದ್. ಎಸ್ ಹಂತದಲ್ಲಿ ಡಿಎನ್‌ಎ ನಕಲು ಮಾಡುವ ಸಾಮಾನೆಲ್ಲ ನ್ಯೂಕ್ಲಿಯಸ್ಸಿನಲ್ಲಿ ಸಿದ್ಧವಿರುವಾಗ ಇ1 ಅಲ್ಲೇ ಉಳಿಯುತ್ತದೆ. ವೈರಸ್ಸಿಗೆ ಅದೇ ಬೇಕಾಗಿತ್ತು.

ಇದೆಲ್ಲ ಗೇಟು ಇರುವ ತನಕದ ಕಥೆ. ನಮ್ಮ ಟಿಬಿ ಡ್ಯಾಮಿಗೆ 33 ಗೇಟು. 2024ರ ಆಗಸ್ಟ್‌ನಲ್ಲಿ 19ನೇ ಗೇಟೊಂದು ಕೊಚ್ಚಿಹೋಗಿದ್ದಕ್ಕೇ ಕೊಪ್ಪಳ, ರಾಯಚೂರು, ಬಳ್ಳಾರಿ ಜನ ನಿದ್ದೆ ಬಿಟ್ಟರು. ಮೈಟೋಸಿಸ್‌ನಲ್ಲಿ ಹೋಗುವುದು ಗೇಟಲ್ಲ, ಡ್ಯಾಮೇ. ನ್ಯೂಕ್ಲಿಯಸ್ಸಿನ ಗೋಡೆ ಬಿಚ್ಚಿಕೊಳ್ಳುತ್ತದೆ, ರಂಧ್ರಗಳು ಚೂರಾಗುತ್ತವೆ, ನ್ಯೂಕ್ಲಿಯೋಲಸ್ ಕರಗುತ್ತದೆ. ಒಳಗಿನದು ಹೊರಗಿನದು ಎಲ್ಲ ಬೆರೆಯುತ್ತದೆ. ಇಲಿಗಳ ಎಂಎಲ್‌ವಿ ಎಂಬ ರೆಟ್ರೋವೈರಸ್ ಈ ಹೊತ್ತಿಗೇ ಕಾಯುತ್ತದೆ. ಕೋಶ ಒಡೆದು ಎರಡಾಗದಿದ್ದರೆ ಆ ವೈರಸ್ಸಿನ ಡಿಎನ್‌ಎ ಒಳಗೆ ಹೋಗುವುದೇ ಇಲ್ಲ. ಎಚ್‌ಪಿವಿಯೂ ಮೊದಲ ಸಲ ಒಳಗೆ ಸೇರಲು ಮೈಟೋಸಿಸ್ ಬೇಕು. ಎಚ್‌ಐವಿ ಕಾಯುವುದಿಲ್ಲ, ರಂಧ್ರದ ಮೂಲಕವೇ ಹೋಗುತ್ತದೆ. ಅದಕ್ಕೇ ಅದು ಒಡೆಯದೆ ಸುಮ್ಮನಿರುವ ಮ್ಯಾಕ್ರೋಫೇಜ್ ಕೋಶಗಳಿಗೂ ತಗುಲುತ್ತದೆ.

ಇನ್ನು ಕೆಲವು ಪ್ರೋಟೀನುಗಳು ಗೋಡೆ ಬಿದ್ದಾಗ ಕ್ರೋಮೋಸೋಮನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಹರ್ಪಿಸ್ ಕುಟುಂಬದ ಎರಡು ವೈರಸ್‌ಗಳು, ಎಪ್‌ಸ್ಟೀನ್-ಬಾರ್ ಮತ್ತು ಕೆಎಸ್‌ಎಚ್‌ವಿ. ಮೊದಲನೆಯದರ ಎಬ್ನಾ-1, ಎರಡನೆಯದರ ಲಾನಾ ಹೀಗೆ ಮಾಡುತ್ತವೆ. ಒಂದು ತುದಿಯಲ್ಲಿ ವೈರಸ್ಸಿನ ಡಿಎನ್‌ಎ, ಇನ್ನೊಂದು ತುದಿಯಲ್ಲಿ ನಮ್ಮ ಕ್ರೋಮೋಸೋಮು. ಕೋಶ ಎರಡಾದಾಗ ಎರಡು ಮಕ್ಕಳಿಗೂ ವೈರಸ್ಸಿನ ಪಾಲು ಸೇರುತ್ತದೆ.

ಮೊದಲ ಹೆಜ್ಜೆ: ಕಂಪ್ಯೂಟರ್ ಮುಂದೆ ಅರ್ಧ ದಿನ

ಪೈಪೆಟ್ ಮುಟ್ಟುವ ಮೊದಲು ಪ್ರೋಟೀನಿನ ಅಕ್ಷರಮಾಲೆ ತೆಗೆದುಕೊಂಡು ಕೂತುಕೊಳ್ಳಿ. ತೂಕ ಎಷ್ಟು? ಲೈಸಿನ್, ಆರ್ಜಿನಿನ್ ಗುಂಪಾಗಿ ಎಲ್ಲಿವೆ? ಹೊರಗೆ ಹೋಗುವ ಚೀಟಿ, ಅಂದರೆ ಲ್ಯೂಸಿನ್‌ಗಳು ಸ್ವಲ್ಪ ಸ್ವಲ್ಪ ಅಂತರದಲ್ಲಿ ಬರುವ ಭಾಗ ಇದೆಯಾ? ಸೆರಿನ್ ಅಥವಾ ಥ್ರಿಯೋನಿನ್ ಆದ ಕೂಡಲೇ ಪ್ರೋಲಿನ್, ಅದಾಗಿ ಒಂದು ಬಿಟ್ಟು ಲೈಸಿನ್ ಅಥವಾ ಆರ್ಜಿನಿನ್ ಸಿಕ್ಕರೆ ಅದು ಸಿಡಿಕೆ ಮುಟ್ಟಬಹುದಾದ ಜಾಗ, ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಈ ಜಾಗ ಚೀಟಿಯ ಪಕ್ಕದಲ್ಲೇ ಇದ್ದರೆ ನಿಮ್ಮ ಪ್ರಾಜೆಕ್ಟು ಅರ್ಧ ಬರೆದಂತೆ.

ಆಮೇಲೆ ಬಾಲ, ಅಂದರೆ ಪ್ರೋಟೀನನ್ನು ಪತ್ತೆ ಹಚ್ಚಲು ಅದಕ್ಕೆ ಅಂಟಿಸುವ ಗುರುತು. ಜಿಎಫ್‌ಪಿ ಎಂಬ ಹೊಳೆಯುವ ಪ್ರೋಟೀನು ಅಂಟಿಸುವುದು ಎಲ್ಲರಿಗೂ ಇಷ್ಟ, ಹಸಿರಾಗಿ ಹೊಳೆಯುತ್ತದೆ. ಆದರೆ ಅದರ ತೂಕವೇ 27 ಕಿಲೋಡಾಲ್ಟನ್. ನಿಮ್ಮ ಪ್ರೋಟೀನು 20 ಇದ್ದರೆ, ತಾನಾಗೇ ನುಸುಳುತ್ತಿದ್ದದ್ದು ಈಗ 47 ಆಗಿ ಗೇಟಿನಲ್ಲಿ ತಡವರಿಸಬಹುದು. ಸಣ್ಣ ಪ್ರೋಟೀನಿಗೆ ಫ್ಲ್ಯಾಗ್, ಎಚ್‌ಎ ತರದ ಎಂಟೊಂಬತ್ತು ಅಮೈನೋ ಆಮ್ಲದ ಬಾಲವೇ ವಾಸಿ. ಬಾಲವನ್ನು ಒಮ್ಮೆ ಹಿಂದೆ, ಒಮ್ಮೆ ಮುಂದೆ ಹಾಕಿ ಎರಡರಲ್ಲೂ ಒಂದೇ ಉತ್ತರ ಬಂದರೆ ಮಾತ್ರ ನಂಬಿ. ಬರೀ ಜಿಎಫ್‌ಪಿ ಪ್ಲಾಸ್ಮಿಡ್ಡೂ ಪ್ರತಿ ಸಲ ಜೊತೆಗಿರಲಿ. ಅದು ಕೋಶದ ತುಂಬಾ, ನ್ಯೂಕ್ಲಿಯಸ್ಸಿನಲ್ಲೂ ಹರಡಿಕೊಂಡಿರುತ್ತದೆ. ಅದನ್ನು ನೋಡದೆ 'ನಮ್ಮದು ನ್ಯೂಕ್ಲಿಯಸ್ಸಿಗೆ ಹೋಗಿದೆ' ಅಂತ ಕುಣಿದವರನ್ನು ನೋಡಿದ್ದೇನೆ.

ಎರಡನೆಯದು: ಯಾವ ಕೋಶ?

ಇಲ್ಲಿ ಒಂದು ಬಲೆ ಇದೆ, ತುಂಬಾ ಜನ ಬೀಳುತ್ತಾರೆ. ಹೀಲಾ ಕೋಶ ಎಲ್ಲ ಕಡೆ ಸಿಗುತ್ತದೆ. 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಅವರ ಗರ್ಭಕಂಠದ ಗೆಡ್ಡೆಯಿಂದ ಬಂದದ್ದು. ಆ ಗೆಡ್ಡೆಗೆ ಕಾರಣ ಎಚ್‌ಪಿವಿ-18. ಅದರ ಇ6, ಇ7 ಪ್ರೋಟೀನುಗಳು ಇವತ್ತಿಗೂ ಆ ಕೋಶದಲ್ಲಿ ತಯಾರಾಗುತ್ತವೆ. ಇ6 ಕೋಶದ ಕಾವಲುಗಾರ ಪಿ53ಯನ್ನು ಒಡೆದುಹಾಕುತ್ತದೆ, ಇ7 ಜಿ1ರಿಂದ ಎಸ್‌ಗೆ ಹೋಗುವ ಬಾಗಿಲನ್ನು ಸಡಿಲ ಮಾಡುತ್ತದೆ. ಎಚ್‌ಇಕೆ293 ಅಂತೀರಾ? ಅದರಲ್ಲಿ ಅಡಿನೋವೈರಸ್ಸಿನ ಇ1ಎ, ಇ1ಬಿ ಇವೆ. 293ಟಿ ಆದರೆ ಮೇಲೆ ಹೇಳಿದ ಎಸ್‌ವಿ40 ಟಿ ಪ್ರೋಟೀನೂ ಸೇರಿದೆ. ಅಂದರೆ ವೈರಸ್ ಪ್ರೋಟೀನು ಕೋಶದ ಗಡಿಯಾರಕ್ಕೆ ಏನು ಮಾಡುತ್ತದೆ ಅಂತ ನೋಡಲು, ಬೇರೆ ವೈರಸ್ ಆಗಲೇ ಮುಳ್ಳು ತಿರುಗಿಸಿಟ್ಟ ಗಡಿಯಾರವನ್ನು ತಂದುಕೊಂಡಂತೆ!

ಬೇಡ ಅನ್ನುತ್ತಿಲ್ಲ. ಹೀಲಾದಲ್ಲಿ ಶುರು ಮಾಡಿ, ಬೆಳೆಸುವುದು ಸುಲಭ. ಕೊನೆಗೆ ಯು2ಓಎಸ್ ಅಥವಾ ಆರ್‌ಪಿಇ-1ನಲ್ಲಿ ಮತ್ತೊಮ್ಮೆ ನೋಡಿ, ಇವುಗಳಲ್ಲಿ ಪಿ53 ಸರಿಯಾಗಿದೆ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ (ಎನ್‌ಸಿಸಿಎಸ್) ಭಂಡಾರದಿಂದ ತರಿಸಿಕೊಂಡರೆ ವಾಸಿ. ಪಕ್ಕದ ಲ್ಯಾಬಿನಿಂದ ಕೈಗಡ ತಂದ ಕೋಶದಲ್ಲಿ ಮೈಕೋಪ್ಲಾಸ್ಮಾ ಎಂಬ ಪುಟ್ಟ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಜಾಸ್ತಿ. ಡಿಎನ್‌ಎಗೆ ಅಂಟುವ ಡ್ಯಾಪಿ ಬಣ್ಣ ಹಾಕಿ ನೋಡಿದಾಗ ನ್ಯೂಕ್ಲಿಯಸ್ಸಿನ ಹೊರಗೆ ನೀಲಿ ಚುಕ್ಕೆ ಚೆಲ್ಲಿದಂತೆ ಕಂಡರೆ ಆ ಪ್ಲೇಟನ್ನು ಬ್ಲೀಚ್ ಹಾಕಿ ಎಸೆಯಿರಿ, ಮನಸ್ಸು ಹಿಂಜರಿಯಬಾರದು.

ಕೋಶ ಹಾಕುವಾಗ ಒತ್ತಾಗಿ ಹಾಕಬೇಡಿ. ಪ್ಲೇಟು ತುಂಬಿದರೆ ತುಂಬಾ ಕೋಶಗಳು ಜಿ1ನಲ್ಲೇ ನಿಂತುಬಿಡುತ್ತವೆ. ನೋಡುವ ದಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿದ್ದರೆ ಸಾಕು. ಕವರ್‌ಸ್ಲಿಪ್ಪಿಗೆ ಪಾಲಿಲೈಸಿನ್ ಬಳಿದಿರಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೂರನೆಯದು: ಪ್ಲಾಸ್ಮಿಡ್ ಹಾಕುವುದು

ಇದನ್ನು ಎಲ್ಲರೂ ಮಾಡುತ್ತಾರೆ, ಹಾಗಾಗಿ ಎರಡೇ ಮಾತು. ಒಂದು, ಲಿಪಿಡ್ ಜೊತೆ ಹಾಕಿದ ಪ್ಲಾಸ್ಮಿಡ್ಡೂ ನ್ಯೂಕ್ಲಿಯಸ್ಸಿಗೆ ಸೇರುವುದು ಹೆಚ್ಚಾಗಿ ಮೈಟೋಸಿಸ್ ಹೊತ್ತಿನಲ್ಲೇ. ಆದ್ದರಿಂದ 12 ಗಂಟೆಗೇ ನೋಡಿದರೆ ನಿಮಗೆ ಹಸಿರಾಗಿ ಕಾಣುವವು ಈಗಷ್ಟೇ ಒಡೆದು ಜಿ1ಗೆ ಬಂದ ಕೋಶಗಳೇ ಜಾಸ್ತಿ. ಕನಿಷ್ಠ 36 ಗಂಟೆ ಬಿಡಿ, ಎಲ್ಲ ಹಂತದ ಕೋಶಗಳೂ ಬೆರೆಯಲಿ. ಎರಡು, ಪ್ಲಾಸ್ಮಿಡ್ ಕಡಿಮೆ ಹಾಕಿ. ಸಂತೆಯಲ್ಲಿ ಜನ ಜಾಸ್ತಿಯಾದರೆ ಎಲ್ಲ ಓಣಿಯಲ್ಲೂ ಜನ ಕಾಣುತ್ತಾರೆ, ಅಷ್ಟಕ್ಕೇ ಅವರ ಮನೆ ಆ ಓಣಿಯಲ್ಲಿದೆ ಅನ್ನಲಾಗದು. ಮಂದವಾಗಿ ಹೊಳೆಯುವ ಕೋಶವನ್ನೇ ನಂಬಿ.

ನಾಲ್ಕನೆಯದು: ಪ್ರತಿ ಕೋಶಕ್ಕೂ ಗಂಟೆ ಕೇಳುವುದು

ಇಡೀ ಕೆಲಸದ ಜೀವ ಇಲ್ಲಿದೆ. ದಾರಿ ಎರಡು. ಎಲ್ಲ ಕೋಶಗಳನ್ನೂ ಔಷಧಿ ಹಾಕಿ ಒಂದೇ ಹಂತಕ್ಕೆ ತರುವುದು ಒಂದು. ಅವುಗಳ ಪಾಡಿಗೆ ಬಿಟ್ಟು, ಆಮೇಲೆ ಒಂದೊಂದರ ಹಂತ ಗುರುತಿಸುವುದು ಇನ್ನೊಂದು. ಪುಸ್ತಕಗಳಲ್ಲಿ ಮೊದಲನೆಯದು ಜಾಸ್ತಿ. ನನ್ನ ವೋಟು ಎರಡನೆಯದಕ್ಕೆ.

ಹೀಗೆ ಮಾಡಿ. ಫಿಕ್ಸ್ ಮಾಡುವ, ಅಂದರೆ ಕೋಶವನ್ನು ಇದ್ದ ಹಾಗೇ ಹಿಡಿದು ನಿಲ್ಲಿಸುವ, 30 ನಿಮಿಷ ಮೊದಲು ಮೀಡಿಯಾಕ್ಕೆ (ಕೋಶ ಬೆಳೆಯುವ ದ್ರವಕ್ಕೆ) 10 ಮೈಕ್ರೋಮೋಲಾರ್ ಇಡಿಯು ಹಾಕಿ. ಇದು ಥೈಮಿಡಿನ್ ತರದ್ದೇ ಅಣು, ಆ ಅರ್ಧ ಗಂಟೆಯಲ್ಲಿ ಡಿಎನ್‌ಎ ನಕಲು ಮಾಡುತ್ತಿದ್ದ ಕೋಶ ಮಾತ್ರ ಇದನ್ನು ತೆಗೆದುಕೊಳ್ಳುತ್ತದೆ. ಆಮೇಲೆ ಕ್ಲಿಕ್ ರಿಯಾಕ್ಷನ್‌ನಲ್ಲಿ ಅದಕ್ಕೆ ಕೆಂಪು ಬಣ್ಣ ಕೂರಿಸಿ, ಡ್ಯಾಪಿಯಿಂದ ಒಟ್ಟು ಡಿಎನ್‌ಎಗೆ ನೀಲಿ ಬಣ್ಣ ಹಾಕಿ. ಕೆಂಪಾಗಿರುವುದು ಎಸ್. ಕೆಂಪಿಲ್ಲ, ನೀಲಿ ಒಂದು ಪಾಲು ಇದ್ದರೆ ಜಿ1. ಕೆಂಪಿಲ್ಲ, ನೀಲಿ ಎರಡು ಪಾಲು ಇದ್ದರೆ ಜಿ2. ಕ್ರೋಮೋಸೋಮು ಗಟ್ಟಿಯಾಗಿ ಕಂಡರೆ ಎಂ. ಅನುಮಾನ ಇದ್ದರೆ ಹಿಸ್ಟೋನ್ ಎಚ್3ಯ 10ನೇ ಸೆರಿನ್‌ನ ಫಾಸ್ಫೇಟ್ ಗುರುತಿಸುವ ಆಂಟಿಬಾಡಿ ಹಾಕಿ, ಅದು ಮೈಟೋಸಿಸ್ ಕೋಶದಲ್ಲಿ ಜೋರಾಗಿ ಹೊಳೆಯುತ್ತದೆ. ಜಿ2 ಖಚಿತ ಮಾಡಿಕೊಳ್ಳಲು ಸೈಕ್ಲಿನ್ ಬಿ1. ಜಿ2ನಲ್ಲಿ ಅದು ನ್ಯೂಕ್ಲಿಯಸ್ಸಿನ ಹೊರಗಿನ ಸೈಟೋಪ್ಲಾಸಂನಲ್ಲಿ ತುಂಬಿಕೊಂಡಿದ್ದು, ಮೈಟೋಸಿಸ್ ಶುರುವಾಗುವ ಹೊತ್ತಿಗೆ ನ್ಯೂಕ್ಲಿಯಸ್ಸಿಗೆ ನುಗ್ಗುತ್ತದೆ.

ಇದರಲ್ಲಿ ನಾನು ಕೈ ಸುಟ್ಟುಕೊಂಡ ಜಾಗ ಎರಡು. ಕ್ಲಿಕ್ ರಿಯಾಕ್ಷನ್‌ನಲ್ಲಿ ತಾಮ್ರ ಇರುತ್ತದೆ, ತಾಮ್ರ ಜಿಎಫ್‌ಪಿಯ ಹೊಳಪನ್ನು ಕೊಲ್ಲುತ್ತದೆ. ಮೊದಲ ಸಲ ಹಸಿರು ಪೂರ್ತಿ ಮಾಯ. ಪ್ಲಾಸ್ಮಿಡ್ ಕೆಟ್ಟಿದೆ ಅಂತ ಎರಡು ವಾರ ಹೊಸ ಪ್ಲಾಸ್ಮಿಡ್ ಮಾಡಿದೆ. ಕ್ಲಿಕ್ ಮುಗಿದ ಮೇಲೆ ಜಿಎಫ್‌ಪಿಗೆ ಆಂಟಿಬಾಡಿ ಹಾಕಿದ್ದರೆ ಆಗುತ್ತಿತ್ತು, ಅಷ್ಟೇ. ಎರಡನೆಯದು, ಡ್ಯಾಪಿಯನ್ನು ಕಾನ್‌ಫೋಕಲ್‌ನಲ್ಲಿ ಅಳೆದದ್ದು. ಕಾನ್‌ಫೋಕಲ್ ನ್ಯೂಕ್ಲಿಯಸ್ಸಿನ ಒಂದು ತೆಳು ಪದರ ಮಾತ್ರ ತೋರಿಸುತ್ತದೆ, ಕೊಬ್ಬರಿಯ ಒಂದು ಹೋಳು ನೋಡಿ ಇಡೀ ಕಾಯಿ ತೂಗಿದ ಹಾಗೆ. ಒಟ್ಟು ಡಿಎನ್‌ಎ ಅಳೆಯಲು ಸಾದಾ ಫ್ಲೋರೆಸೆನ್ಸ್ ಮೈಕ್ರೋಸ್ಕೋಪು, 20 ಪಟ್ಟು ತೋರಿಸುವ ಲೆನ್ಸು ಸಾಕು. ನಮ್ಮ ಕಡೆಯ ಕಾಲೇಜುಗಳಿಗೆ ಇದು ಒಳ್ಳೆಯ ಸುದ್ದಿ, ಅಗ್ಗದ ಯಂತ್ರವೇ ಇಲ್ಲಿ ಸರಿಯಾದ ಯಂತ್ರ.

ಹಣ ಇದ್ದವರು ಫುಚಿ ಎಂಬ ವ್ಯವಸ್ಥೆ ಬಳಸಬಹುದು, 2008ರಲ್ಲಿ ಜಪಾನಿನವರು ಮಾಡಿದ್ದು. ಜಿ1ನಲ್ಲಿ ನ್ಯೂಕ್ಲಿಯಸ್ ಕೆಂಪು, ಎಸ್-ಜಿ2-ಎಂನಲ್ಲಿ ಹಸಿರು. ಜೀವಂತ ಕೋಶದಲ್ಲೇ ಗಂಟೆ ಕಾಣುತ್ತದೆ. ಆಗ ನಿಮ್ಮ ಪ್ರೋಟೀನಿಗೆ ಹಸಿರು, ಕೆಂಪು ಎರಡೂ ಬಿಟ್ಟು ಬೇರೆ ಬಣ್ಣ ಬೇಕಾಗುತ್ತದೆ.

ಔಷಧಿ ಹಾಕಿಯೇ ತೀರುತ್ತೇನೆ ಅನ್ನುವವರಿಗೆ

ಕೆಲವೊಮ್ಮೆ ಬೇಕಾಗುತ್ತದೆ, ಮುಖ್ಯವಾಗಿ ಪ್ರೋಟೀನು ಹೊರತೆಗೆದು ಬ್ಲಾಟ್ ಮಾಡುವಾಗ. ಡಬಲ್ ಥೈಮಿಡಿನ್ ಹಳೆಯ, ನಂಬಿಕೆಯ ದಾರಿ. 2 ಮಿಲಿಮೋಲಾರ್ ಥೈಮಿಡಿನ್ 18 ಗಂಟೆ, ತೊಳೆದು 9 ಗಂಟೆ ಬಿಡುವು, ಮತ್ತೆ 16 ಗಂಟೆ. ಕೋಶಗಳೆಲ್ಲ ಜಿ1-ಎಸ್ ಗಡಿಯಲ್ಲಿ ಬಂದು ನಿಲ್ಲುತ್ತವೆ. ವೇಳಾಪಟ್ಟಿ ಹಾಕುವಾಗ ಕೊನೆಯಿಂದ ಹಿಂದಕ್ಕೆ ಎಣಿಸಿ. ಇಲ್ಲದಿದ್ದರೆ ಮೈಟೋಸಿಸ್ ರಾತ್ರಿ ಎರಡಕ್ಕೆ ಬರುತ್ತದೆ, ಸಿರುಗುಪ್ಪದ ಕೊನೆ ಬಸ್ಸು ಅಷ್ಟೊತ್ತಿಗೆ ಯಾವತ್ತೋ ಹೋಗಿರುತ್ತದೆ. ನನ್ನ ಲೆಕ್ಕ ಹೀಗೆ: ಸೋಮವಾರ ಮಧ್ಯಾಹ್ನ 1ಕ್ಕೆ ಮೊದಲ ಥೈಮಿಡಿನ್. ಮಂಗಳವಾರ ಬೆಳಿಗ್ಗೆ 7ಕ್ಕೆ ತೊಳೆದು ಪ್ಲಾಸ್ಮಿಡ್ ಹಾಕುವುದು (ಇಲ್ಲಿ ಕೋಶಗಳೆಲ್ಲ ಜೊತೆಯಾಗಿ ನಡೆಯುವುದರಿಂದ ಬೆರೆಯಲಿ ಅಂತ 36 ಗಂಟೆ ಕಾಯಬೇಕಿಲ್ಲ). ಅವತ್ತೇ ಸಂಜೆ 4ಕ್ಕೆ ಎರಡನೇ ಥೈಮಿಡಿನ್. ಬುಧವಾರ ಬೆಳಿಗ್ಗೆ 8ಕ್ಕೆ ತೊಳೆದು ಬಿಡುಗಡೆ. ಹೀಲಾ ಆದರೆ ಮಧ್ಯಾಹ್ನ 12ಕ್ಕೆ ಎಸ್ ನಡುವಿನಲ್ಲಿ, 3-4ಕ್ಕೆ ಜಿ2, ಸಂಜೆ 5-6ಕ್ಕೆ ಮೈಟೋಸಿಸ್. ಮನೆಗೆ ಹೋಗಿ ಊಟ ಮಾಡಬಹುದು.

ಬಿಡುಗಡೆ ಆದ ಮೇಲೆ ಕೋಶಗಳು ತುಂಬಾ ಹೊತ್ತು ಜೊತೆಯಾಗಿ ಇರುವುದಿಲ್ಲ. ಕಾಲುವೆಗೆ ನೀರು ಬಿಟ್ಟಂತೆ, ಮುಂದಿನವು ಮುಂದೆ, ಹಿಂದಿನವು ಹಿಂದೆ ಆಗುತ್ತವೆ. ಅದಕ್ಕೆ ಪ್ರತಿ ಹೊತ್ತಿನಲ್ಲೂ ಒಂದಿಷ್ಟು ಕೋಶ ತೆಗೆದು, ತಣ್ಣಗಿನ 70 ಪರ್ಸೆಂಟ್ ಎಥನಾಲ್‌ನಲ್ಲಿಟ್ಟು, ಆರ್‌ಎನ್ಏಸ್ ಮತ್ತು ಪ್ರೊಪಿಡಿಯಂ ಅಯೋಡೈಡ್ ಹಾಕಿ, ಒಂದೊಂದೇ ಕೋಶದ ಡಿಎನ್‌ಎ ಅಳೆಯುವ ಫ್ಲೋ ಸೈಟೋಮೀಟರ್‌ನಲ್ಲಿ ಓಡಿಸಿ. ಸೈಟೋಮೀಟರ್ ಬೇರೆ ಊರಿನಲ್ಲಿದ್ದರೂ ಚಿಂತೆಯಿಲ್ಲ, ಎಥನಾಲ್‌ನಲ್ಲಿ ಫ್ರಿಜ್ಜಿನಲ್ಲಿ ಕೆಲವು ದಿನ ಇರುತ್ತವೆ.

ಔಷಧಿಗಳ ತಂಟೆಯನ್ನೂ ಕೇಳಿ. ಥೈಮಿಡಿನ್ ಡಿಎನ್‌ಎಗೆ ಪೆಟ್ಟು ಕೊಡುತ್ತದೆ, ಅದಕ್ಕೇ ಪ್ರೋಟೀನು ಜಾಗ ಬದಲಿಸಿರಬಹುದು. ನೊಕೋಡಜೋಲ್ ಕೋಶವನ್ನು ಮೈಟೋಸಿಸ್‌ನಲ್ಲಿ ನಿಲ್ಲಿಸುವುದೇ ಮೈಕ್ರೋಟ್ಯೂಬ್ಯೂಲ್ ಎಂಬ ಕೋಶದೊಳಗಿನ ಹಳಿಗಳನ್ನು ಬಿಚ್ಚಿ. ನಿಮ್ಮ ಪ್ರೋಟೀನು ಅದೇ ಹಳಿಯ ಮೇಲೆ ಓಡಾಡುವುದಾದರೆ ನೀವು ನೋಡುತ್ತಿರುವುದು ಹಂತದ ಪರಿಣಾಮ ಅಲ್ಲ, ಹಳಿ ಕಿತ್ತದ್ದರ ಪರಿಣಾಮ. ಎಲ್ಲಕ್ಕಿಂತ ಮೋಸದ್ದು ಆರ್‌ಒ-3306. ಅದು ಸಿಡಿಕೆ1ನ್ನೇ ತಡೆದು ಕೋಶವನ್ನು ಜಿ2 ಕೊನೆಯಲ್ಲಿ ನಿಲ್ಲಿಸುತ್ತದೆ. ಸಿಡಿಕೆ1 ಫಾಸ್ಫೇಟ್ ಹಾಕುವುದರಿಂದಲೇ ಪ್ರೋಟೀನು ಜಾಗ ಬದಲಿಸುತ್ತದಾ ಅಂತ ನೋಡಲು ಹೊರಟವರು ಸಿಡಿಕೆ1ನ್ನೇ ಕೊಂದು ಕೂತರೆ ಏನು ಕಾಣುತ್ತದೆ?

ಒಂದು ಬೇಸಿಗೆ ನಡೆದದ್ದು. ಆಗ ನಾನು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ಎರಡನೇ ಥೈಮಿಡಿನ್ ಹಾಕಿ ಬಂದ ರಾತ್ರಿ ಕರೆಂಟು ಹೋಗಿ, ಯುಪಿಎಸ್ ಬ್ಯಾಟರಿಯೂ ಸತ್ತಿತ್ತು. ಮೇ ತಿಂಗಳ ಬಳ್ಳಾರಿ. ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದರೆ ಮೀಡಿಯಾ ಕೆಂಪು ಹೋಗಿ ಗುಲಾಬಿ-ನೇರಳೆ ತಿರುಗಿತ್ತು, ಗ್ಯಾಸು ನಿಂತಿದೆ ಅಂತ ಅರ್ಥ. ಕೋಶ ಸತ್ತಿರಲಿಲ್ಲ. ಬದುಕಿದ್ದಾವಲ್ಲ ಅಂತ ಮುಂದುವರಿಸಿದೆ. ಸಂಜೆ 6ಕ್ಕೆ ಬರಬೇಕಾದ ಮೈಟೋಸಿಸ್ ರಾತ್ರಿ 10 ಆದರೂ ಬರಲಿಲ್ಲ. ಅಂಥ ದಿನ ಪ್ಲೇಟು ಎಸೆದು ಮಿರ್ಚಿ-ಮಂಡಕ್ಕಿ ತಿನ್ನಲು ಹೋಗುವುದೇ ಸರಿ.

ಐದನೆಯದು: ಫಿಕ್ಸ್ ಮಾಡುವಾಗ ಮೆಲ್ಲಗೆ

4 ಪರ್ಸೆಂಟ್ ಪ್ಯಾರಾಫಾರ್ಮಾಲ್ಡಿಹೈಡ್, 10-15 ನಿಮಿಷ. ಮೈಟೋಸಿಸ್‌ಗೆ ಬಂದ ಕೋಶ ಚಪ್ಪಟೆ ಬಿಟ್ಟು ಗುಂಡಗಾಗುತ್ತದೆ. ಗಾಜಿಗೆ ಅಂಟಿಕೊಂಡಿರುವುದು ಒಂದಿಷ್ಟೇ ಜಾಗದಲ್ಲಿ. ಸಿಂಧನೂರಿನ ನನ್ನ ಜೂನಿಯರ್ ಹುಡುಗಿ ಒಮ್ಮೆ ಕವರ್‌ಸ್ಲಿಪ್ ಮೇಲೆ ಪೈಪೆಟ್‌ನಿಂದ ನೇರವಾಗಿ ಬಫರ್ ಬಿಡುತ್ತಿದ್ದಳು. ಮೂರು ಸಲ ತೊಳೆದಳು. ಆಮೇಲೆ ಮೈಕ್ರೋಸ್ಕೋಪಿನಲ್ಲಿ ಹುಡುಕಿ ಹುಡುಕಿ ಸಾಕಾಗಿ, 'ಅಕ್ಕಾ, ಒಂದರೆ ಮೈಟೋಸಿಸ್ ಕಾಣವಲ್ದು ನೋಡ್ರಿ' ಅಂದಳು. ಎಸೆಯಬೇಕಿದ್ದ ಬಫರ್ ಇನ್ನೂ ಬೀಕರಿನಲ್ಲಿತ್ತು. ಅದರದ್ದೇ ಒಂದು ಹನಿ ತೆಗೆದು ಡ್ಯಾಪಿ ಹಾಕಿ ಸ್ಲೈಡಿಗಿಟ್ಟು ನೋಡಿದೆವು. ಕೋಶಗಳು ಅಲ್ಲಿದ್ದವು, ಗುಂಡಗೆ, ನಡುವೆ ಕ್ರೋಮೋಸೋಮಿನ ನೀಲಿ ಪಟ್ಟಿ ಸಮೇತ. ಅವಳು ತೊಳೆದು ಹಾಕಿದ್ದು ತನಗೆ ಬೇಕಾದವನ್ನೇ. ಪಾಲಿಲೈಸಿನ್ ಬಳಿಯಿರಿ ಅಂದದ್ದು ಇದಕ್ಕೆ. ಬಫರನ್ನು ಪ್ಲೇಟಿನ ಗುಳಿಯ ಗೋಡೆಗೆ ತಾಗಿಸಿ ಬಿಡಿ, ಕೋಶದ ಮೇಲೆ ಬೇಡ.

ಫಾರ್ಮಾಲ್ಡಿಹೈಡ್ ಇನ್ನೊಂದು ಆಟ ಆಡುತ್ತದೆ. ಮೈಟೋಸಿಸ್ ಕ್ರೋಮೋಸೋಮಿಗೆ ಬಂದು ಹೋಗುತ್ತಾ ಇರುವ ಕೆಲವು ಪ್ರೋಟೀನುಗಳು ಜೀವಂತ ಕೋಶದಲ್ಲಿ ಕ್ರೋಮೋಸೋಮ್ ಮೇಲೆ ಚೆನ್ನಾಗಿ ಕಂಡರೂ, ಫಿಕ್ಸ್ ಮಾಡಿದ ಮೇಲೆ ಅಲ್ಲಿ ಇಲ್ಲವೇ ಇಲ್ಲ ಅನ್ನುವಂತೆ ಕಾಣುತ್ತವೆ. ಆದ್ದರಿಂದ 'ಮೈಟೋಸಿಸ್‌ನಲ್ಲಿ ಕ್ರೋಮೋಸೋಮ್ ಬಿಟ್ಟುಹೋಗುತ್ತದೆ' ಅಂತ ಬರೆಯುವ ಮುಂಚೆ ಜಿಎಫ್‌ಪಿ ಇರುವ ಜೀವಂತ ಕೋಶದಲ್ಲಿ ಒಮ್ಮೆ ನೋಡಲೇಬೇಕು. ಹತ್ತು ಕೋಶ ಸಿಕ್ಕರೂ ಆಯಿತು.

ಆರನೆಯದು: ಫೋಟೋ, ಅಳತೆ

ಎಲ್ಲ ಸ್ಲೈಡಿಗೂ ಒಂದೇ ಎಕ್ಸ್‌ಪೋಷರ್. ಬಿಳಿಯಾಗಿ ಸುಟ್ಟುಹೋದ ಫೋಟೋದಲ್ಲಿ ಅಳತೆ ಇಲ್ಲ. ಚೆಂದದ ಕೋಶ ಹುಡುಕಬೇಡಿ, ಸ್ಲೈಡಿನ ಮೇಲೆ ಗೆರೆ ಹಾಕಿಕೊಂಡಂತೆ ಸಾಲಾಗಿ ಹೋಗಿ ಸಿಕ್ಕಿದ್ದನ್ನೆಲ್ಲ ತೆಗೆಯಿರಿ. ಸಾಧ್ಯವಾದರೆ ಸ್ಲೈಡಿನ ಹೆಸರು ಬೇರೆಯವರು ಮುಚ್ಚಿಡಲಿ.

ಫೋಟೋ ಅಳೆಯಲು ಫಿಜಿ ಅಥವಾ ಸೆಲ್‌ಪ್ರೊಫೈಲರ್ ಸಾಫ್ಟ್‌ವೇರ್, ಎರಡೂ ಪುಕ್ಕಟೆ. ಡ್ಯಾಪಿಯಿಂದ ನ್ಯೂಕ್ಲಿಯಸ್ಸಿನ ಗಡಿ ಎಳೆಸಿ. ಗಡಿಯ ಹೊರಗೆ ಬಳೆಯಂತೆ ಒಂದು ಸುತ್ತು ತೆಗೆದುಕೊಂಡರೆ ಅದು ಸೈಟೋಪ್ಲಾಸಂ. ಹಿನ್ನೆಲೆ ಕಳೆದು ಎರಡರ ಅನುಪಾತ ತೆಗೆಯಿರಿ. ಅದೇ ಕೋಶದ ಒಟ್ಟು ಡ್ಯಾಪಿಯನ್ನೂ ಬರೆದುಕೊಳ್ಳಿ. ಎಲ್ಲ ಕೋಶಗಳ ಡ್ಯಾಪಿಯನ್ನು ಗ್ರಾಫ್ ಹಾಕಿದರೆ ಎರಡು ಗುಡ್ಡ ಕಾಣಬೇಕು, ಎರಡನೆಯದು ಮೊದಲನೆಯದರ ಸರಿಯಾಗಿ ಎರಡರಷ್ಟು ದೂರದಲ್ಲಿ. ಗುಡ್ಡ ಕಾಣದಿದ್ದರೆ ಮುಂದೆ ಹೋಗಬೇಡಿ, ಅಳತೆಯೇ ತಪ್ಪಿದೆ.

ನ್ಯೂಕ್ಲಿಯೋಲಸ್ ಡ್ಯಾಪಿಯಲ್ಲಿ ಕಪ್ಪು ತೂತಿನಂತೆ ಕಾಣುತ್ತದೆ, ಆದರೆ ಕಪ್ಪು ತೂತೆಲ್ಲ ನ್ಯೂಕ್ಲಿಯೋಲಸ್ ಅಲ್ಲ. ಫೈಬ್ರಿಲಾರಿನ್ ಅಥವಾ ನ್ಯೂಕ್ಲಿಯೋಲಿನ್ ಆಂಟಿಬಾಡಿ ಜೊತೆಗಿರಲಿ. ಎಂ ಹಂತದ ಕೋಶಕ್ಕೆ ನ್ಯೂಕ್ಲಿಯಸ್-ಸೈಟೋಪ್ಲಾಸಂ ಅನುಪಾತ ಹಾಕಲೇಬೇಡಿ. ಅಲ್ಲಿ ನ್ಯೂಕ್ಲಿಯಸ್ಸೇ ಇಲ್ಲವಲ್ಲ. ಅದಕ್ಕೆ ಬೇರೆ ಕಾಲಂ: ಕ್ರೋಮೋಸೋಮ್ ಮೇಲಿದೆಯಾ, ಕ್ರೋಮೋಸೋಮ್ ಎಳೆಯುವ ಸ್ಪಿಂಡಲ್ ಮೇಲಿದೆಯಾ, ಸುಮ್ನೆ ಹರಡಿದೆಯಾ.

ಜಿ2 ಕೋಶ ಜಿ1ಗಿಂತ ದೊಡ್ಡದು, ಪ್ರೋಟೀನೂ ಜಾಸ್ತಿ ಇರುತ್ತದೆ. ಹಾಗಾಗಿ ಅನುಪಾತವನ್ನು ಒಟ್ಟು ಹಸಿರಿನ ಎದುರು ಗ್ರಾಫ್ ಹಾಕಿ ನೋಡಿ. ಒಂದೇ ಹೊಳಪಿನ ಜಿ1 ಮತ್ತು ಜಿ2 ಕೋಶಗಳ ನಡುವೆಯೂ ವ್ಯತ್ಯಾಸ ಉಳಿದರೆ ಮಾತ್ರ ಅದು ಹಂತದ ವ್ಯತ್ಯಾಸ.

ಏಳನೆಯದು: ಯಾರು ಯಾರನ್ನು ನಡೆಸುತ್ತಿದ್ದಾರೆ?

ಇಲ್ಲಿ ಕೋಳಿ ಬರುತ್ತದೆ, ನಿಜವಾದ ಕೋಳಿ. ಫಾರ್ಮಿನವರಿಗೆ ಐಬಿ, ಅಂದರೆ ಕೋಳಿಗಳ ಉಸಿರಾಟದ ರೋಗ, ಗೊತ್ತು, ಮರಿಗಳಿಗೆ ಲಸಿಕೆ ಹಾಕಿಸುತ್ತಾರೆ. ಅದನ್ನು ತರುವುದು ಕೊರೊನಾ ಕುಟುಂಬದ ವೈರಸ್. ಆರ್‌ಎನ್‌ಎ ವೈರಸ್, ತನ್ನ ಕೆಲಸವನ್ನೆಲ್ಲ ಸೈಟೋಪ್ಲಾಸಂನಲ್ಲೇ ಮುಗಿಸುತ್ತದೆ. ಆದರೂ ಅದರ ಎನ್ ಪ್ರೋಟೀನು ನ್ಯೂಕ್ಲಿಯೋಲಸ್ಸಿಗೂ ಹೋಗುತ್ತದೆ, ಅದೂ ಜಿ2-ಎಂ ಕಡೆಯ ಕೋಶಗಳಲ್ಲಿ ಜಾಸ್ತಿ. ಇತ್ತ ಆ ವೈರಸ್ ತಗುಲಿದ ಕೋಶಗಳೂ ಜಿ2-ಎಂನಲ್ಲೇ ಹೆಚ್ಚು ನಿಲ್ಲುತ್ತವೆ. ಎಚ್‌ಐವಿಯ ವಿಪಿಆರ್ ಒಂದೇ ಪ್ರೋಟೀನು ಸಾಕು, ಕೋಶ ಜಿ2ನಲ್ಲಿ ನಿಂತುಬಿಡುತ್ತದೆ.

ಹೀಗಿರುವಾಗ ಹಂತದಿಂದ ಜಾಗ ಬದಲಾಯಿತೋ, ಪ್ರೋಟೀನು ಅಲ್ಲಿಗೆ ಹೋದದ್ದರಿಂದ ಹಂತ ನಿಂತಿತೋ? ಬಿಡಿಸುವ ದಾರಿ ಇದೆ. ಮೊದಲು, ಒಂದೇ ಪ್ಲೇಟಿನ ಹಸಿರು ಕೋಶಗಳ ಮತ್ತು ಹಸಿರಿಲ್ಲದ ಕೋಶಗಳ ಡಿಎನ್‌ಎ ಗ್ರಾಫನ್ನು ಒಂದರ ಮೇಲೊಂದು ಇಟ್ಟು ನೋಡಿ. ಎರಡೂ ಒಂದೇ ಇದ್ದರೆ ಪ್ರೋಟೀನು ಗಡಿಯಾರ ಮುಟ್ಟಿಲ್ಲ. ಹಸಿರಿನವು ಜಿ2 ಕಡೆ ವಾಲಿದ್ದರೆ ಮುಟ್ಟಿದೆ. ಬರೀ ಜಿಎಫ್‌ಪಿ ಹಾಕಿದ ಪ್ಲೇಟಿನ ಜೊತೆಗೂ ಹೋಲಿಸಿ, ಪ್ಲಾಸ್ಮಿಡ್ ಹಾಕುವುದರಿಂದಲೇ ಸ್ವಲ್ಪ ವಾಲುತ್ತದೆ.

ಆಮೇಲೆ ಮೊದಲ ಹೆಜ್ಜೆಯ ಕೆಂಪು ಪೆನ್ನಿನ ಗುರುತಿಗೆ ವಾಪಸ್ ಬನ್ನಿ. ಆ ಥ್ರಿಯೋನಿನ್ ಅಥವಾ ಸೆರಿನನ್ನು ಅಲನಿನ್ ಮಾಡಿ, ಫಾಸ್ಫೇಟ್ ಕೂರಲು ಜಾಗ ಇರುವುದಿಲ್ಲ. ಇನ್ನೊಂದರಲ್ಲಿ ಗ್ಲುಟಮೇಟ್ ಮಾಡಿ, ಯಾವಾಗಲೂ ಫಾಸ್ಫೇಟ್ ಇದ್ದಂತೆ ನಟಿಸುತ್ತದೆ. ಯಾವಾಗಲೂ ಚೆನ್ನಾಗಿ ನಟಿಸುವುದಿಲ್ಲ, ಅದೂ ಗೊತ್ತಿರಲಿ. ಅಲನಿನ್ ಪ್ರೋಟೀನು ಎಲ್ಲ ಹಂತದಲ್ಲೂ ಒಂದೇ ಕಡೆ ಕೂತು, ಮೂಲದ್ದು ಮಾತ್ರ ಜಾಗ ಬದಲಿಸಿದರೆ ಗಡಿಯಾರದ ಕೈ ಎಲ್ಲಿ ತಾಗುತ್ತದೆ ಅಂತ ಸಿಕ್ಕಿತು. ಹೊರಹೋಗುವ ಚೀಟಿಯ ಅನುಮಾನ ಇದ್ದರೆ ಲೆಪ್ಟೋಮೈಸಿನ್ ಬಿ ಕೆಲವು ಗಂಟೆ ಹಾಕಿ. ಅದು ಸಿಆರ್‌ಎಂ1 ಎಂಬ ಹೊರಬಾಗಿಲನ್ನು ಮುಚ್ಚುತ್ತದೆ. ಸೈಟೋಪ್ಲಾಸಂನಲ್ಲಿ ಕಾಣುತ್ತಿದ್ದ ಪ್ರೋಟೀನು ನ್ಯೂಕ್ಲಿಯಸ್ಸಿನಲ್ಲಿ ತುಂಬಿಕೊಂಡರೆ, ಅದು ಮೊದಲಿಂದಲೂ ಒಳಗೆ ಹೊರಗೆ ಓಡಾಡುತ್ತಿತ್ತು ಅಂತ ಲೆಕ್ಕ. ತುಂಬಾ ವಿಷ, ದುಬಾರಿ ಕೂಡ. ಸಣ್ಣ ಸಣ್ಣ ಪಾಲು ಮಾಡಿ ಫ್ರೀಜರಿನಲ್ಲಿಡಿ.

ಇನ್ನು ಸ್ಲೈಡುಗಳು. ಫೋಟೋ ತೆಗೆದಾಯಿತು ಅಂತ ಎಸೆಯಬೇಡಿ, ಪರೀಕ್ಷಕರು ಆರು ತಿಂಗಳ ಮೇಲೆ 'ಸೈಕ್ಲಿನ್ ಬಿ1 ಜೊತೆ ತೋರಿಸಿ' ಅನ್ನುತ್ತಾರೆ. ಒಂದೆರಡು ಕವರ್‌ಸ್ಲಿಪ್ ಫಿಕ್ಸ್ ಮಾಡಿ, ಬಣ್ಣ ಹಾಕದೆ, ಬಫರಿನಲ್ಲಿ ಚೂರು ಸೋಡಿಯಂ ಅಜೈಡ್ ಹಾಕಿ ಫ್ರಿಜ್ಜಿನಲ್ಲಿಟ್ಟುಕೊಳ್ಳಿ. ಡಬ್ಬಿಯ ಮೇಲೆ ತಾರೀಖಿನ ಜೊತೆ ಬಿಡುಗಡೆ ಆಗಿ ಎಷ್ಟು ಗಂಟೆ ಅನ್ನುವುದನ್ನೂ ಬರೆಯಿರಿ, ಪೆನ್ಸಿಲ್ಲಿನಲ್ಲಿ. ಮಾರ್ಕರ್ ಬರಹ ಎಥನಾಲ್ ತಾಗಿದರೆ ಅಳಿಸಿಹೋಗುತ್ತದೆ.